ಮೀಡಿಯಮ್ಮ ಅಳತೆ ಬದಲಿಸಿದ್ದು

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಮೀಡಿಯಮ್ಮ’ ಎಂದು. ಹೊಸ ಮಾದರಿಯ ಅಂಗಿ ಯಾವುದೇ ಇರಲಿ, ಮೀಡಿಯಂ ಅಳತೆಯದನ್ನು ಅವಳೇ ಹೊಲಿದು, ಅವಳೇ ತೊಟ್ಟು ನಿಲ್ಲಬೇಕು. ಅವಳ ಮೈಮೇಲೆ ಸರಿಯಾಗಿ ಕೂತರೆ ಅದೇ ಅಳತೆಗೆ ಕೆಳಮಹಡಿಯಲ್ಲಿ ನೂರಾರು ಅಂಗಿ ಕತ್ತರಿಸುತ್ತಿದ್ದರು.

ಎರಡು ವರ್ಷದಿಂದ ಅವಳ ಮುಟ್ಟು ಏರುಪೇರಾಗಿ ಮೈ ತುಂಬಿಕೊಳ್ಳುತ್ತ ಬಂತು. ಮಧ್ಯಾಹ್ನವಾದರೆ ಕಾಲು ಕಲ್ಲಾಗುತ್ತಿತ್ತು. ಡಾಕ್ಟರಮ್ಮ ಇದು ಪಿಸಿಓಎಸ್, ಹಾರ್ಮೋನಿನ ತೊಂದರೆ ಎಂದು ಹೇಳಿ ಮಾತ್ರೆ ಕೊಟ್ಟರು. “ಊಟದ ಜೊತೆಗೇ ತಗೋ. ದಿನಾ ನಡಿ, ನಿದ್ದೆಗೆಡಬೇಡ. ತೂಕ ನಿಧಾನಕ್ಕೇ ಇಳಿಯೋದು, ಉಪವಾಸ ಬೀಳಬೇಡ.”

ಮನೆಯಲ್ಲಿ ಅತ್ತಿಗೆಯದು ಬೇರೆಯೇ ವೈದ್ಯ. “ತಟ್ಟೆ ಚಿಕ್ಕದು ಮಾಡು, ಮೈ ತಾನಾಗೇ ಚಿಕ್ಕದಾಗುತ್ತೆ!” ಕಾರ್ಖಾನೆಯಲ್ಲಿ ಅಳತೆ ನೋಡುವ ಮಾಸ್ಟರರ ಮಾತಂತೂ ಗುಂಡುಸೂಜಿ. “ನೋಡಮ್ಮ, ಈ ಸಲ ಅಂಗಿ ಕೂರದಿದ್ರೆ ನೀನು ಕೆಳಗಡೆ ಹೊಲಿಗೆ ಲೈನಿಗೆ. ದಿನವಿಡೀ ಬರೀ ಕಾಲರ್ ಹೊಲೀತಿರು.”

ಇಡೀ ಅಂಗಿಯನ್ನು ಒಬ್ಬಳೇ ಹೊಲಿಯುವ ಸುಖ ಇದ್ದದ್ದು ಮಾದರಿ ಹೊಲಿಯುವ ಈ ಸ್ಯಾಂಪಲ್ ಕೋಣೆಯಲ್ಲಿ ಮಾತ್ರ. ಅದನ್ನು ಬಿಡಲಾರದೆ ತಿಂಡಿ ಬಿಟ್ಟಳು, ಬರೀ ಹೊಟ್ಟೆಗೆ ಮಾತ್ರೆ ನುಂಗಿದಳು. ಹಸಿವಿಗೆ ಹೊಲಿಗೆ ಸೊಟ್ಟಗಾಗಿ ಎರಡೆರಡು ಸಲ ಬಿಚ್ಚಿ ಹೊಲಿದಳು, ತೂಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಂಗಿಯ ಎರಡೂ ಪಕ್ಕಗಳನ್ನು ಯಾರಿಗೂ ಕಾಣದಂತೆ ಸಡಿಲ ಬಿಟ್ಟು ಹೊಲಿದಳು.

ಅಂಗಿ ಕೂತಿತು. “ಪರವಾಗಿಲ್ವೇ! ಕಟಿಂಗಿಗೆ ಕಳಿಸಿ,” ಎಂದರು ಮಾಸ್ಟರು.

ಅವಳು ಕಳಚಿಟ್ಟ ಅಂಗಿಗೆ ಯಾರೋ ಕೈ ಚಾಚಿದರು. ಇನ್ನು ನೂರಾರು ಅಂಗಿ ಕೆಡುತ್ತವೆ. ಅವಳಿಗೆ ತಡೆಯಲಾಗಲಿಲ್ಲ.

“ನಿಲ್ಲಿ ಮಾಸ್ಟ್ರೇ. ಪಕ್ಕ ನಾನೇ ಸಡಿಲ ಬಿಟ್ಟಿದ್ದೀನಿ. ಇದು ಮೀಡಿಯಂ ಅಲ್ಲ, ನನ್ನ ಈಗಿನ ಅಳತೆ.”

“ಮೋಸ ಬೇರೆ! ನಡಿ ಲೈನಿಗೆ.”

“ತಪ್ಪು ನಂದೇ. ಆದ್ರೆ ಲೈನಿಗೆ ಹೋಗಲ್ಲ. ಲಾರ್ಜ್ ಅಂಗಿ ಯಾರ ಮೇಲೆ ನೋಡ್ತೀರಿ? ಆ ಮರದ ಬೊಂಬೆ ಮೇಲೆ. ಅದು ಕೈ ಎತ್ತುತ್ತಾ? ಕಂಕುಳಲ್ಲಿ ಹಿಡೀತಿದೆ ಅಂತ ಬಾಯಿ ಬಿಡುತ್ತಾ? ಇನ್ಮೇಲೆ ಲಾರ್ಜ್ ನಾನು ತೊಡ್ತೀನಿ.”

“ನಾಳೆ ನಿನ್ನ ತೂಕ ಇಳಿದ್ರೆ?”

“ಇಳಿದಾಗ ಮೀಡಿಯಂ ತೊಡ್ತೀನಿ. ಇಳಿಯೋಕೆ ಅಂತ ಹಸಿದು ಬೀಳೋದಿಲ್ಲ.”

ಹೊಲಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮಾಸ್ಟರು ಬೊಂಬೆಯ ಕಡೆ ನೋಡಿದರು. ಅದಕ್ಕೆ ಕೈಗಳೇ ಇರಲಿಲ್ಲ. “ಲಾರ್ಜ್ ತನ್ನಿ,” ಎಂದು ಗೊಣಗಿದರು.

ಅವಳು ಕುರ್ಚಿ ಎಳೆದುಕೊಂಡು ಕೂತು ಡಬ್ಬಿ ಬಿಚ್ಚಿದಳು.

“ತರಲಿ. ನನ್ನ ಊಟ ಆಗೋವರೆಗೂ ಅಂಗಿ ಕಾಯುತ್ತೆ.”