ಶೀಸೆಯ ತಳದ ಅತ್ತರು

ನಮ್ಮ ಮಾವನವರು ರಾಯಚೂರಿನಲ್ಲಿ ವಕೀಲರಾಗಿದ್ದರು. ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ, ಮನೆಯ ವ್ಯವಹಾರವೆಲ್ಲ ಮಡಿಯಲ್ಲಿ. ಬಜಾರಿನ ಮುಸಲ್ಮಾನ ಕಕ್ಷಿದಾರರು ಹಬ್ಬಕ್ಕೋ ಮಗಳ ಮದುವೆಗೆ ಕರೆಯಲೋ ಬಂದಾಗ ಬೆರಳುದ್ದದ ಅತ್ತರಿನ ಶೀಸೆಗಳನ್ನು ಕೊಟ್ಟು ಹೋಗುತ್ತಿದ್ದರು. ಮನೆಗೆ ಬಂದ ಗಂಡಸರ ಮುಂಗೈಗೆ ಪಡಸಾಲೆಯಲ್ಲಿ ಅತ್ತರು ಸವರುವುದು ಮರ್ಯಾದೆಯ ಕ್ರಮ. ಹೆಂಗಸರ ಪಾಲಿಗೆ ಏನಿದ್ದರೂ ತಳದ್ದು. ಶೀಸೆ ಮುಗಿದು ಕಡ್ಡಿಗೆ ಹತ್ತದಷ್ಟಾದಾಗ ಅದು ಒಳಗೆ ನಮ್ಮ ಅತ್ತೆಯ ಕೈಗೆ ಬರುತ್ತಿತ್ತು.

ಅತ್ತೆ ಆ ತಳವನ್ನೂ ಬಿಡುವವರಲ್ಲ. ಗುಲಾಬಿಯ ಶೀಸೆಗೆ ಬಿಸಿನೀರು ಹೊಯ್ದು ಕುಲುಕಿ ಮಾವನವರ ರುಮಾಲಿನ ಗಂಜಿಗೆ ಸೇರಿಸುವರು. ಮಲ್ಲಿಗೆಯದಾದರೆ ಸೀಗೆಕಾಯಿ ಪುಡಿಯಲ್ಲಿ ಕಲಸಿ ಇಡುವರು. ಪೂರ್ತಿ ಒಣಗಿದ ಶೀಸೆಯ ಬಿರಡೆ ತೆಗೆದು ರೇಷ್ಮೆ ಸೀರೆಗಳ ನಡುವೆ ಮಲಗಿಸಿದರೆ, ಪೆಟ್ಟಿಗೆ ತೆರೆದಾಗಲೆಲ್ಲ ಮದುವೆಮನೆಯ ವಾಸನೆ. ಹಲ್ಲುನೋವಿಗೆಂದು ತಂದ ಲವಂಗದ ಎಣ್ಣೆ ಹಳತಾದರೆ ಹತ್ತಿಯಲ್ಲಿ ಅದ್ದಿ ಇರುವೆ ಬರುವ ಸಂದಿಗೆ ತುರುಕುವರು. ಎಲ್ಲಕ್ಕಿಂತ ಹೆಚ್ಚಿನ ಬೆಲೆ ಲಾವಂಚದ ಅತ್ತರಿಗೆ. ಬೇಸಿಗೆಯಲ್ಲಿ ಕಿಟಕಿಗೆ ಕಟ್ಟುವ ಲಾವಂಚದ ತಟ್ಟಿ ಒಂದೆರಡು ವರ್ಷಕ್ಕೆ ವಾಸನೆ ಕಳೆದುಕೊಳ್ಳುತ್ತಿತ್ತು. ಎರಚುವ ನೀರಿಗೆ ಎರಡು ಹನಿ ಬಿಟ್ಟರೆ ಮತ್ತೆ ಹೊಸದರಂತೆ ಕೋಣೆಯೆಲ್ಲ ತಂಪು. ಮಾನ್ವಿಯ ಬಡ ಮಾಸ್ತರರ ಮಗಳು ನಾನು. ಹದಿನೇಳರ ಹೊಸ ಸೊಸೆ. ಗಂಡ ಹೈದರಾಬಾದಿನಲ್ಲಿ ಓದುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲದೆ ಇದನ್ನೆಲ್ಲ ನೋಡಿ ನೋಡಿ ಅರ್ಧಂಬರ್ಧ ಕಲಿತೆ.

ಆ ಮನೆಯ ಅಡುಗೆ ಮಾವನವರ ಅಕ್ಕನದು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಹನ್ನೆರಡಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರು ಸೇರಿದವರು ಮೂವತ್ತು ವರ್ಷ ಒಲೆಯ ಮುಂದೆಯೇ ಕಳೆದಿದ್ದರು. ದೇವರ ನೈವೇದ್ಯ, ಬಂದವರ ಎಲೆ ಎಲ್ಲ ಅವರ ಮಡಿಗೈಯಲ್ಲಿ. ಅಡುಗೆಮನೆಯೊಳಗೆ ಕಾಲಿಡಬೇಕಾದರೆ ಅತ್ತೆಯೂ ಅವರನ್ನು ಕೇಳಬೇಕು. ಆ ಹೊಸ್ತಿಲಿನಿಂದ ಈಚೆಗೆ ಅವರದೆನ್ನುವುದು ಏನೂ ಇರಲಿಲ್ಲ. ಶುಭಕಾರ್ಯಕ್ಕೆ ಹೊರಟವರ ಎದುರು ಬರಬಾರದು. ಹೂವು, ಕುಂಕುಮ, ಸುಗಂಧ ಯಾವುದನ್ನೂ ಮೈಗೆ ಸೋಕಿಸಬಾರದು. ಸೋಕಿಸಿದರೂ ಅವರಿಗೆ ತಿಳಿಯುತ್ತಿರಲಿಲ್ಲ, ಹೊಗೆ ಕುಡಿದು ಕುಡಿದು ಅವರ ಮೂಗು ಸತ್ತುಹೋಗಿತ್ತು. ತುಪ್ಪ ಕಾಯಿಸುವಾಗ ನನ್ನನ್ನು ಹೊಸ್ತಿಲ ಬಳಿ ನಿಲ್ಲಿಸಿಕೊಂಡು, "ನೋಡ ಹುಡುಗಿ, ಹದಾ ಬಂದ ವಾಸನಿ ಬರ್ಲಿಕತ್ತದೇನು?" ಎಂದು ಕೇಳುವರು. ನಾನು ಹೂಂ ಎಂದರೆ ತುಪ್ಪ ಇಳಿಸುವರು.

ಎರಡನೆಯ ಮಹಾಯುದ್ಧದ ವರ್ಷಗಳ ಒಂದು ಬೇಸಿಗೆ. ರಾಯಚೂರಿನ ಬೇಸಿಗೆಯನ್ನು ವರ್ಣಿಸುವುದು ಬೇಡ. ಕಂಡವರಿಗೆ ಗೊತ್ತು, ಕಾಣದವರು ನಂಬುವುದಿಲ್ಲ. ಕ್ಷೌರಿಕ ಹಿತ್ತಲಿಗೆ ಬಂದುಹೋದ ದಿನ ಅಕ್ಕನ ತಲೆಯ ತುಂಬ ಬೆವರುಸಾಲೆ ಎದ್ದು, ಅಲ್ಲಲ್ಲಿ ಕತ್ತಿ ತಾಗಿ ಕೆಂಪಾಗಿತ್ತು. ನೋಡಲಾರದೆ, "ಕೊಬ್ಬರಿ ಎಣ್ಣಿ ಹಚ್ಚಲ್ಯಾ ಅಕ್ಕಾ?" ಎಂದೆ. ಮದ್ದಿನ ಹೆಸರಿನಲ್ಲಿ ಎಣ್ಣೆಗೆ ಅಡ್ಡಿಯಿರಲಿಲ್ಲ. ಒಳಗೆ ಹೋಗಿ ಬಟ್ಟಲಿಗೆ ಎಣ್ಣೆ ಹಾಕಿದೆ. ಪಕ್ಕದಲ್ಲೇ ಲಾವಂಚದ ಶೀಸೆಯಿತ್ತು, ತಳದಲ್ಲಿ ನಾಲ್ಕು ಹನಿ. ತಟ್ಟಿಯನ್ನು ತಂಪು ಮಾಡುವುದು ತಲೆಯನ್ನು ಮಾಡದೇ ಎಂದುಕೊಂಡು ನಾಲ್ಕನ್ನೂ ಸುರಿದೆ. ಎಣ್ಣೆ ಹಚ್ಚಿಕೊಂಡ ದಿನ ಅಕ್ಕ ಮತ್ತೆ ಒಲೆಯ ಬಳಿ ಹೋಗುತ್ತಿರಲಿಲ್ಲ, ನಾಳೆ ತಲೆಗೆ ನೀರು ಹಾಕಿಕೊಂಡರೆ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಹಿತ್ತಲಲ್ಲಿ ಕೂತು ಹಚ್ಚುವಾಗ ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು.

"ಏನರೆ ಹಾಕೀಯೇನ ಇದರಾಗ? ಭಾಳ ತಂಪನಸ್ತದ."

"ಇಲ್ರಿ ಅಕ್ಕಾ, ಬರೇ ಕೊಬ್ಬರಿ ಎಣ್ಣಿ," ಎಂದೆ. ನಿಜ ಹೇಳಿದರೆ ತೊಳೆದುಕೊಂಡುಬಿಡುತ್ತಾರೆ ಎಂಬ ಭಯ.

ಅದೇ ಸಂಜೆ, ಮಂತ್ರಾಲಯಕ್ಕೆ ಹೊರಟಿದ್ದ ನನ್ನ ದೊಡ್ಡಪ್ಪ ಮಾನ್ವಿಯಿಂದ ಬಂದಿಳಿದರು. ಮಾವನವರು ಅವರ ಕೈಗೆ ಗುಲಾಬಿ ಅತ್ತರು ಸವರಿ ಉಪಚರಿಸಿದರು. ಮರುದಿನ ಮಧ್ಯಾಹ್ನ ಅವರಿಬ್ಬರ ಎಲೆ ಹಾಕಿದ್ದಾಯಿತು. ಅಕ್ಕ ನಸುಕಿನಲ್ಲೇ ತಲೆಯ ಮೇಲೆ ಹತ್ತು ಕೊಡ ನೀರು ಸುರಿದುಕೊಂಡು ಮಡಿಯುಟ್ಟಿದ್ದರು. ಆದರೆ ಒಲೆಯ ಮುಂದೆ ಬೆವೆತ ಮೇಲೆ, ಹೋಯಿತೆಂದುಕೊಂಡದ್ದು ಮತ್ತೆ ಮೇಲೆದ್ದಿತ್ತು. ಅವರು ಬಗ್ಗಿ ಅನ್ನ ಬಡಿಸುತ್ತಿದ್ದಂತೆ ದೂರ ನಿಂತಿದ್ದ ನನಗೇ ಘಮ್ಮೆಂದು ಬಂತು.

ದೊಡ್ಡಪ್ಪನ ಕೈ ಎಲೆಯ ಮೇಲೆ ನಿಂತಿತು. "ಲಾವಂಚದ ಅತ್ತರ ವಾಸನಿ ಬರ್ಲಿಕತ್ತದಲ್ರಿ ವಕೀಲರ. ಬಡಸೋ ಮಡಿ ಹೆಂಗಸಿನ ಮೈಯಿಂದ!" ನಿನ್ನೆಯ ಗುಲಾಬಿ ಅವರ ಕೈಯಲ್ಲಿ ಇನ್ನೂ ಇದ್ದಿರಬೇಕು. ಅದು ಗಂಡಸಿನ ಕೈ, ಅದಕ್ಕೆ ಎಲ್ಲ ನಡೆಯುತ್ತದೆ.

"ಅಕ್ಕಾ, ಏನಿದು?" ಎಂದರು ಮಾವ.

"ಎಂಥಾ ವಾಸನಿಯೋ ಯಪ್ಪಾ? ನಾ ಏನೂ ಹಚ್ಕೊಂಡಿಲ್ಲ. ನಿನ್ನೆ ಕೊಬ್ಬರಿ ಎಣ್ಣಿ ಹಚ್ಚಿಸ್ಕೊಂಡೀನಿ, ಅಷ್ಟ. ಈಕೀನ ಹಚ್ಯಾಳ, ಬೇಕಾದ್ರ ಈಕೀನ್ನ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಎದುರಿಗೆ ತವರಿನ ಹಿರಿಯರು. ಹುಡುಗಿಗೆ ಮನೆಯಲ್ಲಿ ಇಷ್ಟೂ ಕಲಿಸಿಲ್ಲ ಎಂಬ ಮಾತು ನನ್ನ ಅಪ್ಪನ ತನಕ ಹೋಗುತ್ತಿತ್ತು. ಅಕ್ಕ ಮಾತ್ರ ತುಪ್ಪದ ಹದ ಕೇಳುವಾಗಿನ ಅದೇ ಭರವಸೆಯಲ್ಲಿ ನನ್ನನ್ನು ನೋಡುತ್ತಿದ್ದರು.

"ಹೌದ್ರಿ ಮಾವಾರ," ಎಂದೆ. "ಬರೇ ಕೊಬ್ಬರಿ ಎಣ್ಣಿ."

ಅಕ್ಕನ ಪರವಾಗಿ ಹೇಳಿದಂತೆ ಇದ್ದ ಆ ಮಾತೇ ಅವರನ್ನು ಮುಗಿಸಿತು. ನಾನು ಹಚ್ಚಿದ್ದು ಬರೀ ಎಣ್ಣೆಯಾದರೆ, ಅತ್ತರನ್ನು ಅವರು ತಾವೇ ಕದ್ದು ಹಚ್ಚಿಕೊಂಡಿರಬೇಕು. ಮಾವ ಎದ್ದು ಬಂದು ಅಕ್ಕನ ಹತ್ತಿರ ನಿಂತು ಮೂಸಿ ನೋಡಿ, "ಇಷ್ಟ ವಾಸನಿ ಬರ್ಲಿಕತ್ತದ, ಸುಳ್ಳ ಯಾಕ ಹೇಳ್ತಿ?" ಎಂದರು. ಅಕ್ಕ ತಮ್ಮ ಸೆರಗನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದುಕೊಂಡರು. "ನಂಗ ಬರವಲ್ದಲ್ಲೋ," ಎಂದರು. ದೊಡ್ಡಪ್ಪ ಎಲೆ ಬಿಟ್ಟು ಎದ್ದುಹೋದರು. ಅಂದಿನ ಅಡುಗೆಯೆಲ್ಲ ದನದ ಬಾನಿಗೆ ಹೋಯಿತು.

ಮರುದಿನದಿಂದ ಅತ್ತೆ ಮಡಿಯುಟ್ಟು ಒಲೆ ಹಚ್ಚಿದರು. ಅಕ್ಕ ಹದಿನೈದು ದಿನ ಹಿತ್ತಲ ಕಟ್ಟೆಯ ಮೇಲೆ ಕೂತರು. ಆಮೇಲೆ ಅವರನ್ನು ದೇವದುರ್ಗಕ್ಕೆ, ಸತ್ತ ಗಂಡನ ತಮ್ಮನ ಮಕ್ಕಳ ಮನೆಗೆ ಕಳಿಸಿದರು. ದಿನವೂ ಬೆಳಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತಿದ್ದೆ, ಹೇಳದೆ ಮಲಗುತ್ತಿದ್ದೆ. ನನ್ನಷ್ಟು ಹೇಡಿ ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಆ ಚಳಿಗಾಲದಲ್ಲಿ ಮಾವನವರು ಎದೆನೋವು ಬಂದು ತೀರಿಕೊಂಡರು. ದೇವದುರ್ಗಕ್ಕೆ ಆಳು ಹೋಗಿ ಸುದ್ದಿ ಮುಟ್ಟಿಸಿದ. ಅಕ್ಕ ಬರಲಿಲ್ಲ. ಬೆನ್ನಿಗೆ ಬಿದ್ದ ತಮ್ಮನ ಮುಖ ನೋಡಲೂ ಬರಲಿಲ್ಲವಲ್ಲ ಎಂದು ಊರೆಲ್ಲ ಆಡಿಕೊಂಡಿತು.

ಮುಂದಿನ ಬೇಸಿಗೆಯಲ್ಲಿ, ಅಕ್ಕ ಇದ್ದ ಮನೆಯಲ್ಲೇ ನಡೆದ ಒಬ್ಬ ಹುಡುಗನ ಮುಂಜಿವೆಯ ನೆಪದಲ್ಲಿ ನಾನು ದೇವದುರ್ಗಕ್ಕೆ ಹೋದೆ. ಅಲ್ಲಿ ಅಡುಗೆಗೆ ಬೇರೆ ಜನವಿದ್ದರು. ಅಕ್ಕ ಹಿಂದಿನ ಪಡಸಾಲೆಯಲ್ಲಿ ಒಬ್ಬರೇ ಕೂತು ಹತ್ತಿ ಹೊಸೆದು ಬತ್ತಿ ಮಾಡುತ್ತಿದ್ದರು. ತುಂಬ ಇಳಿದುಹೋಗಿದ್ದರು. ನಾನು ಪೀಠಿಕೆ ಹಾಕಲಿಲ್ಲ, ಹಾಕಿದ್ದರೆ ಧೈರ್ಯ ಉಳಿಯುತ್ತಿರಲಿಲ್ಲ.

"ಅಕ್ಕಾ, ಆವತ್ತ ಎಣ್ಣಿಯೊಳಗ ಅತ್ತರ ಹಾಕಿದ್ದು ನಾನ."

ಬಯ್ಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಕಾದೆ. ಅವರು ಬತ್ತಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಹಂಗಾರ ವಾಸನಿ ಖರೇನ ಬರ್ತಿತ್ತೇನು?"

"ಬರ್ತಿತ್ರಿ."

"ನನ್ನ ತಮ್ಮಗೂ ಬಂದಿತ್ತೇನು?"

ಹೌದೆಂದು ತಲೆಯಾಡಿಸಿದೆ.

"ಅವ ಸುಳ್ಳ ಹೇಳ್ಯಾನ ಅಂತ ತಿಳಕೊಂಡಿದ್ನಲ್ಲ ನಾ," ಎಂದರು ಅಕ್ಕ. "ಮೂಗಿಲ್ಲದಾಕಿ, ಏನ್ ಹೇಳಿದ್ರೂ ನಡೀತದ, ಹೊರಗ ಹಾಕಲಿಕ್ಕೆ ಒಂದ್ ನೆವಾ ಮಾಡ್ಯಾನ ಅಂತ. ಸತ್ತ ಸುದ್ದಿ ಬಂದಾಗ ಒಂದ್ ಹನಿ ಕಣ್ಣೀರ ಹಾಕಲಿಲ್ಲ. ಚಲೋ ಆತು ಅಂದೆ. ಬಾಯಿ ಬಿಟ್ಟ ಅಂದೆ ಯವ್ವಾ, ಚಲೋ ಆತು ಅಂತ."

ಆಮೇಲೆ ತಲೆ ಚಚ್ಚಿಕೊಂಡು ಅಳತೊಡಗಿದರು. ಆರು ತಿಂಗಳ ಹಿಂದೆ ಹೋದ ತಮ್ಮನನ್ನು ಈಗತಾನೇ ಎದುರಿಗೆ ಮಲಗಿಸಿದ್ದಾರೆಂಬಂತೆ ಅತ್ತರು. ಮುಂಜಿವೆಯ ಮನೆಯ ಹೆಂಗಸರು ಕೈಗೆ ಹತ್ತಿದ ಹಿಟ್ಟಿನಲ್ಲೇ ಓಡಿಬಂದು, ಯಾರು ಹೋದರು, ಎಲ್ಲಿಂದ ಸುದ್ದಿ ಬಂತು ಎಂದು ನನ್ನನ್ನು ಕೇಳಿದರು. ನನಗೇನೂ ಗೊತ್ತಿಲ್ಲ ಎಂದೆ.