ಮುನಿಶಾಮಯ್ಯ ಪಾಸು ಮಾಡಿದ ಪಿಕ್ಚರ್

ನಮ್ಮ ಜಕ್ಕನದೊಡ್ಡಿಗೆ ಕೇಬಲ್ ಬಂದಾಗ ಅದರ ಹಿಂದೆಯೇ ಐವತ್ತು ಚಾನೆಲ್ ಬಂದವು. ಯಾವುದನ್ನು ನೋಡಬೇಕೆಂಬ ಬುದ್ಧಿ ಮಾತ್ರ ಬರಲಿಲ್ಲ. ಆ ಕೊರತೆ ನೀಗಲೆಂದೇ ಭಗವಂತ ಮುನಿಶಾಮಯ್ಯನನ್ನು ಮೊದಲೇ ಕಳಿಸಿಕೊಟ್ಟಿದ್ದ.

ಹಾರೋಹಳ್ಳಿಯಿಂದ ಕನಕಪುರದ ಬಸ್ಸು ಹತ್ತಿದರೆ, ಫ್ಯಾಕ್ಟರಿಗಳ ತಗಡಿನ ಸೂರು ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವ ಕಡೆ ನಮ್ಮೂರು. ಮುನಿಶಾಮಯ್ಯನಿಗೆ ಅಲ್ಲಿ ಒಂದಿಷ್ಟು ತೋಟ, ಒಂದು ರೇಷ್ಮೆ ಹುಳದ ಮನೆ, ವೆಂಕಟಲಕ್ಷ್ಮಮ್ಮ ಎಂಬ ಹೆಂಡತಿ ಮತ್ತು ಒಂದು ವಿಸಿಡಿ ಪ್ಲೇಯರ್ ಇದ್ದವು. ಇವುಗಳಲ್ಲಿ ಅವನ ಮಾತು ಕೇಳುತ್ತಿದ್ದದ್ದು ಕೊನೆಯದೊಂದೇ, ಅದೂ ಕರೆಂಟ್ ಇದ್ದಾಗ.

ಆದರೆ ಅರಳಿಕಟ್ಟೆಯ ಮೇಲೆ ಅವನು ಚಕ್ರವರ್ತಿ. ಯಾವ ಸಿನಿಮಾ ನೋಡಬಹುದು, ಯಾವ ಧಾರಾವಾಹಿಗೆ ಕಣ್ಣೀರು ದಂಡ ಎಂಬುದನ್ನೆಲ್ಲ ಅಲ್ಲಿಂದಲೇ ಅಪ್ಪಣೆ ಕೊಡಿಸುತ್ತಿದ್ದ. ಅವನ ತೀರ್ಪಿನಲ್ಲಿ ಮೂರೇ ದರ್ಜೆ: ಪಾಸು, ಫೇಲು, ಮತ್ತು ಸೊಪ್ಪು ಹೆಚ್ಚುತ್ತಾ ನೋಡಬಹುದು. ಮೂರನೆಯ ದರ್ಜೆಗೆ ಹೆಚ್ಚಿನ ಧಾರಾವಾಹಿಗಳು ಬೀಳುತ್ತಿದ್ದವು. ಅವುಗಳಲ್ಲಿ ಅತ್ತೆ ತಿರುಗಿ ನೋಡಿ ಮುಗಿಸುವಷ್ಟರಲ್ಲಿ ಒಂದು ಮಂಕರಿ ಸೊಪ್ಪು ಹೆಚ್ಚಿ ಮುಗಿಯುತ್ತಿತ್ತು.

ಹಾಗಂತ ಅವನು ಕೇಳಿದವರಿಗೆಲ್ಲ ಒಂದೇ ಔಷಧ ಕೊಡುವವನಲ್ಲ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ಮಂಕಾಗಿ ಮಲಗಿ, ಪೊರೆ ಕಳಚಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಮನೆಯವರಿಗೆ ರಜ. ನಾಲ್ಕನೆಯ ಜ್ವರ ಎದ್ದಿತೋ, ಉಸಿರಾಡಲೂ ಪುರಸೊತ್ತಿಲ್ಲ. ಹಾಗಾಗಿ ಯಾರೇ ಬಂದು ಸಿನಿಮಾ ಕೇಳಿದರೂ ಮುನಿಶಾಮಯ್ಯ ಮೊದಲು ನಾಡಿ ಹಿಡಿಯುವ ವೈದ್ಯನಂತೆ ಕಣ್ಣು ಮುಚ್ಚಿ ಕೇಳುತ್ತಿದ್ದ:

"ಹುಳ ಎಷ್ಟನೇ ಜ್ವರದಲ್ಲೈತೆ?"

"ಎರಡ್ನೇದು ಕಣಣ್ಣ."

"ಹಂಗಾದ್ರೆ ಕನಕಪುರಕ್ಕೇ ಓಗಿ ಥಿಯೇಟ್ರಲ್ಲಿ ನೋಡ್ಬುಡು. ಬರ್ತಾ ಹೋಟ್ಲಲ್ಲಿ ದೋಸೆನೂ ತಿನ್ಕಂಡು ಬಾ."

"ನಮ್ದು ನಾಲ್ಕ್ನೇದು ಎದ್ದೈತಲ್ಲಣ್ಣ?"

"ಪಿಕ್ಚರ್ ಆಸೆ ಬುಡು ಮತ್ತೆ. ಒಂದು ಕಾಮಿಡಿ ಸೀನ್ ನೋಡ್ಕಂಡು ಸೊಪ್ಪಾಕೋಗು."

ಹಾರೋಹಳ್ಳಿಯ ವಿಸಿಡಿ ಅಂಗಡಿಯ ನಿಯಾಜ್ ಕೂಡ ಇವನ ಭಕ್ತ. ಮುನಿಶಾಮಯ್ಯ ಪಾಸು ಮಾಡಿದ ಸಿನಿಮಾಗಳಿಗೆ ಬೇರೆಯದೇ ಗೂಡು ಮಾಡಿಟ್ಟಿದ್ದ. ಆಗೆಲ್ಲ ಒಂದು ಸಿನಿಮಾ ಅಂದರೆ ಮೂರು ಡಿಸ್ಕು. "ಎಂಥಾ ಹುಷಾರು ಮನುಷ್ಯ ನೀವು! ನಿಮ್ಮನೆಯಿಂದ ವಾಪಸ್ ಬಂದ ಮೂರ್ನೇ ಡಿಸ್ಕಿಗೆ ಒಂದ್ ಗೀಟಾದ್ರೂ ಬಿದ್ದೈತಾ?" ಎಂದು ನಿಯಾಜ್ ಹೊಗಳಿದರೆ ಮುನಿಶಾಮಯ್ಯ ಆಕಾಶ ನೋಡುತ್ತಿದ್ದ.

ಗೀಟು ಎಲ್ಲಿಂದ ಬೀಳಬೇಕು? ಆ ಮಹಾನುಭಾವ ಯಾವ ಸಿನಿಮಾದ ಮೂರನೆಯ ಡಿಸ್ಕನ್ನೂ ಪ್ಲೇಯರಿಗೆ ಹಾಕಿದವನೇ ಅಲ್ಲ. ಮಧ್ಯಾಹ್ನದ ಸೊಪ್ಪು ಹಾಕಿ ಮೊದಲನೆಯ ಡಿಸ್ಕು ಶುರು ಮಾಡಿದರೆ, ಎರಡನೆಯದು ಮುಗಿಯುವ ಹೊತ್ತಿಗೆ ಸರಿಯಾಗಿ ಹುಳದ ಮನೆಯಿಂದ "ಸೊಪ್ಪೂ..." ಎಂಬ ಕೂಗು ಬರುತ್ತಿತ್ತು. ಸೊಪ್ಪು ಹಾಕಿ ಕೈ ತೊಳೆದರೆ ಡಿಸ್ಕು ವಾಪಸ್ ಕೊಡಲು ಹಾರೋಹಳ್ಳಿಯ ಬಸ್ಸು ಹಿಡಿಯಬೇಕು. ಹೀಗೆ ಊರಿಗೆಲ್ಲ ಸಿನಿಮಾ ತೋರಿಸಿದವನು ತಾನು ಒಂದರ ಕೊನೆಯನ್ನೂ ಕಂಡಿರಲಿಲ್ಲ. ಈ ಗುಟ್ಟು ಅವನಿಗೆ ಮತ್ತು ವೆಂಕಟಲಕ್ಷ್ಮಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ "ಕೊನೆಗೆ ಏನಾಯ್ತದೆ?" ಎಂದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು, "ಪಿಕ್ಚರ್ ಕೊನೆ ಹೇಳೋದು ಗೋಹತ್ಯೆ ಸಮ ಕಣ್ಲಾ" ಅನ್ನುತ್ತಿದ್ದ. ಎಂಥ ಧರ್ಮಿಷ್ಠ ಎಂದು ಊರು ತಲೆದೂಗುತ್ತಿತ್ತು.

ಈ ಸಾಮ್ರಾಜ್ಯಕ್ಕೆ ಶತ್ರುವಾಗಿ ಎದ್ದವನು ಕೆಂಪರಾಜು. ಹಾರೋಹಳ್ಳಿಯ ಯಾವುದೋ ಪ್ಲಾಸ್ಟಿಕ್ ಕಂಪನಿ ಸೇರಿ, ಬೋನಸ್ಸಿನಲ್ಲಿ ದೊಡ್ಡ ಕಲರ್ ಟಿವಿ ತಂದು, ಟಿವಿಯಷ್ಟೇ ದೊಡ್ಡದಾಗಿ ಮಾತಾಡಲು ಕಲಿತಿದ್ದ. ಹುಳ ಸಾಕುವುದನ್ನು ಬಿಟ್ಟವನಿಗೆ ಜ್ವರದ ಲೆಕ್ಕ ಯಾಕೆ? ಅವನದು ಶಿಫ್ಟಿನ ಲೆಕ್ಕ.

ಒಂದು ಶನಿವಾರ ಕಟ್ಟೆಯ ಮೇಲೆ ಮರುದಿನ ಮಧ್ಯಾಹ್ನ ಟಿವಿಯಲ್ಲಿ ಬರುವ ಸಿನಿಮಾದ ಮಾತು ಬಂತು. ಬಸ್ ಕಂಡಕ್ಟರನೊಬ್ಬ, ಅವನನ್ನು ಮೆಚ್ಚಿದ ಸಾಹುಕಾರನ ಮಗಳು, ಮಾತು ನಿಂತುಹೋದ ಕಂಡಕ್ಟರನ ತಾಯಿ, ಇವರ ಕಥೆ. ಮುನಿಶಾಮಯ್ಯ ಅದನ್ನು ನಿಯಾಜನ ಡಿಸ್ಕಿನಲ್ಲಿ ನೋಡಿ ಪಾಸು ಮಾಡಿದ್ದ. ಎರಡನೆಯ ಡಿಸ್ಕಿನ ಕೊನೆಯಲ್ಲಿ ಕಂಡಕ್ಟರನನ್ನು ಸುಣ್ಣ ಸುಡುವ ಗೂಡಿಗೆ ಕಟ್ಟಿಹಾಕಿರುತ್ತಾರೆ. ಇಪ್ಪತ್ತು ವರ್ಷ ಮೂಕಿಯಾಗಿದ್ದ ತಾಯಿ ಏನನ್ನೋ ಹೇಳಲು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಬಾಯಿ ತೆರೆದವಳು ವೆಂಕಟಲಕ್ಷ್ಮಮ್ಮ.

"ಡಬ್ಬಾ ಪಿಕ್ಚರ್ ಅದು. ಫೈಟೇ ಇಲ್ಲ, ಅರ್ಧಕ್ಕೇ ಎದ್ದು ಬರ್ತೀರ" ಎಂದ ಕೆಂಪರಾಜು.

"ಏನ್ಲಾ ಅಂದೆ?" ಮುನಿಶಾಮಯ್ಯ ಟವೆಲ್ ಕೊಡವಿ ಎದ್ದು ನಿಂತ. "ಕೇಳ್ರಪ್ಪ ಎಲ್ರೂ. ನಾಳೆ ಆ ಪಿಕ್ಚರ್ ನೋಡೋಕೆ ಕುಂತೋರು ಒಬ್ರಾದ್ರೂ ಮಧ್ಯಕ್ಕೆ ಎದ್ರೆ, ಇನ್ಮೇಲೆ ಇಂಥಾ ಪಿಕ್ಚರ್ ನೋಡಿ ಅಂತ ನಾನು ಬಾಯಿ ಬುಟ್ರೆ ಕೇಳಿ!"

ಇಂಥ ಪ್ರತಿಜ್ಞೆ ಆದಾಗ ಹಿಂದಿನ ಕಾಲದಲ್ಲಿ ದೇವತೆಗಳು ಹೂವು ಸುರಿಸುತ್ತಿದ್ದರಂತೆ. ನಮ್ಮೂರಲ್ಲಿ ಒಂದು ಕಾಗೆ ತನ್ನ ಕೈಲಾದದ್ದನ್ನು ಸುರಿಸಿತು.

ಊರಿನ ಹುಳವನ್ನೆಲ್ಲ ವಿಚಾರಿಸುತ್ತಿದ್ದ ಮುನಿಶಾಮಯ್ಯ ಆ ದಿನ ತನ್ನ ಮನೆಯ ಹುಳವನ್ನು ವಿಚಾರಿಸಲು ಮರೆತಿದ್ದ.

ಭಾನುವಾರ ಸಿನಿಮಾ ಶುರುವಾಯಿತು. ಬೀದಿಯಲ್ಲಿ ನಾಯಿ ಬಿಟ್ಟರೆ ನರಮನುಷ್ಯರಿಲ್ಲ. ಮುನಿಶಾಮಯ್ಯ ಮೀಸೆ ತಿರುವುತ್ತಾ ಬೀದಿಯುದ್ದಕ್ಕೂ ನಡೆದು, ಮನೆಮನೆಯಿಂದ ಒಂದೇ ಹಾಡು ಕೇಳಿಬರುವ ಸುಖವನ್ನು ಅನುಭವಿಸುತ್ತಿದ್ದ. ಸಿನಿಮಾ ಅರ್ಧ ದಾಟಿದ ಹೊತ್ತಿಗೆ ಹುಳದ ಮನೆಯಿಂದ ಕೂಗು ಬಂತು. ಅದು ಸೊಪ್ಪಿನ ಕೂಗಲ್ಲ.

"ಹಣ್ಣಾಗ್ಬುಟ್ಟಾವೆ! ಬಿಸಿಲಿಗೆ ಎಲ್ಲಾ ಒಂದೇ ಸಲ ಹಣ್ಣಾಗ್ಬುಟ್ಟಾವೆ!"

ಹುಳ ಹಣ್ಣಾಗುವುದೆಂದರೆ ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹಿಕ್ಕೆ, ಒಣಸೊಪ್ಪಿನ ನಡುವೆಯೇ ಗೂಡು ಕಟ್ಟಿ, ಬೆಳೆಯೆಲ್ಲ ಕಸದ ಬೆಲೆಗೆ ಹೋಗುತ್ತದೆ. ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ನಮ್ಮಲ್ಲಿ ಯಾರ ಮನೆಯ ಹುಳ ಹಣ್ಣಾದರೂ ಬೀದಿಯವರೆಲ್ಲ ಕೈಹಾಕುವುದು ಪದ್ಧತಿ. ಒಂದು ಕೂಗು ಹಾಕಿದರೆ ಸಾಕು.

ವೆಂಕಟಲಕ್ಷ್ಮಮ್ಮ ಹತ್ತು ಕೂಗು ಹಾಕಿದಳು. ಒಂದು ಬಾಗಿಲೂ ತೆರೆಯಲಿಲ್ಲ.

"ನೋಡಿದ್ಯಾ ಎಂಥಾ ಪಿಕ್ಚರ್ ಪಾಸ್ ಮಾಡಿವ್ನಿ!" ಎಂದು ಮುನಿಶಾಮಯ್ಯನ ಬಾಯಿಂದ ಹೆಮ್ಮೆ ಜಾರಿಬಿತ್ತು.

"ಆ ಪಿಕ್ಚರ್ನೇ ತಂದು ಚಂದ್ರಿಕೆಗೆ ಬುಡು. ಗೂಡು ಕಟ್ತದಾ ನೋಡಾನ" ಎಂದಳು ಅವಳು. "ಓಗಿ ಜನ ಎಬ್ಬಿಸ್ಕಂಡು ಬತ್ತೀಯೋ, ಇಲ್ಲಾ ತಿಂಗಳ ಬೆವರ್ನ ತಿಪ್ಪೆಗೆ ಸುರೀಲೋ?"

ಒಂದು ಕಡೆ ಬೆಳೆ, ಒಂದು ಕಡೆ ಪ್ರತಿಜ್ಞೆ. ದಿನಕ್ಕೆ ಎಂಟು ಸಲ ಹೋಗುವ ಕರೆಂಟು ಈಗೊಮ್ಮೆ ಹೋಗಲಿ ಎಂದು ಮುನಿಶಾಮಯ್ಯ ಮನೆದೇವರಿಗೆ ಹರಕೆ ಹೊತ್ತ. ಬಲ್ಬು ಇನ್ನಷ್ಟು ಪ್ರಕಾಶವಾಗಿ ಉರಿಯಿತು. ಲೈನ್‌ಮ್ಯಾನ್ ನಾಗರಾಜುವಿನ ಮನೆಗೆ ಓಡಿ, "ಒಸಿ ಫ್ಯೂಸ್ ಕಿತ್ತಾಕೋ ತಂದೆ" ಎಂದ.

"ಯಾಕಣ್ಣ? ನೀನೇ ಪಾಸ್ ಮಾಡಿದ್ ಪಿಕ್ಚರ್! ಸುಮ್ಕಿರು, ಸುಣ್ಣದ ಗೂಡಿನ ಸೀನ್ ಬತ್ತೈತೆ" ಎಂದ ನಾಗರಾಜು ಪರದೆಯಿಂದ ಕಣ್ಣು ಕೀಳದೆ.

ಆಗ ಮುನಿಶಾಮಯ್ಯ ಗೋಹತ್ಯೆಗೆ ಸಿದ್ಧನಾದ. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ:

"ಇನ್ನೇನೂ ಇಲ್ಲ ಕಣ್ಲಾ ಅದ್ರಲ್ಲಿ. ಅವ್ವನಿಗೆ ಮಾತೇ ನಿಂತಿರಲಿಲ್ಲ, ಅಷ್ಟೂ ವರ್ಷ ನಾಟಕ ಆಡವ್ಳೆ. ಮುಗೀತು, ಏಳು!"

ಬಾಯಿ ತೆರೆದುಕೊಂಡೇ ನಾಗರಾಜು ಎದ್ದ. ಪಕ್ಕದ ಮನೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಸೌಮ್ಯ, ಅವಳ ಅತ್ತೆ ಮುನಿಯಮ್ಮ ಇಬ್ಬರೂ ಕಣ್ಣೊರೆಸುತ್ತಾ ಕೂತಿದ್ದರು. ಅಷ್ಟರಲ್ಲಿ ಮುನಿಶಾಮಯ್ಯನಿಗೆ ಕೈ ಪಳಗಿತ್ತು.

"ಆ ಸಾಹುಕಾರನೇ ಕಂಡಕ್ಟರನ ಅಪ್ಪ. ಎದ್ದೇಳಿ!"

"ಅಯ್ಯೋ ಶಿವನೇ!" ಸೌಮ್ಯ ಚೀರಿದಳು. "ಹಂಗಾದ್ರೆ ಹುಡುಗ ಹುಡುಗಿ ಅಣ್ಣ ತಂಗಿ ಆಗೋದ್ರಲ್ಲ ಮಾವ! ಮೂರು ಡ್ಯೂಯೆಟ್ ಆಡವ್ರೆ!"

ಮುನಿಶಾಮಯ್ಯ ಈ ತೊಡಕನ್ನು ಯೋಚಿಸಿರಲಿಲ್ಲ. "ಅದಕ್ಕೇ ಕಣವ್ವ, ಮಾನಸ್ಥರು ನೋಡೋ ಪಿಕ್ಚರಲ್ಲ ಅದು" ಎಂದು ಟಿವಿಯ ಸ್ವಿಚ್ಚು ಅದುಮಿ, ಮುಂದಿನ ಮನೆಗೆ ಹಾರಿದ.

ಹೀಗೆ ಮನೆಗೊಂದು ಕೊನೆ ಹೇಳುತ್ತಾ ಬೀದಿಯನ್ನೆಲ್ಲ ಎಬ್ಬಿಸಿ ತಂದ. ಭಾನುವಾರದ ಪೌಡರಿನ ವಾಸನೆ ಹುಳಕ್ಕೆ ಆಗದೆಂದು ವೆಂಕಟಲಕ್ಷ್ಮಮ್ಮ ಹೆಂಗಸರ ಮುಖವನ್ನೆಲ್ಲ ಬಾಗಿಲಲ್ಲೇ ತೊಳೆಸಿ ಒಳಗೆ ಬಿಟ್ಟಳು. ಕೈಗಳು ಹುಳದ ತಟ್ಟೆಗಳ ಮೇಲೆ ಓಡತೊಡಗಿದವು. ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ?

"ಅಪ್ಪ ಮಗ ಒಂದಾದ್ರಲ್ಲ, ಅದೇ ಸಮಾಧಾನ" ಎಂದಳು ಮುನಿಯಮ್ಮ.

"ಯಾವ ಅಪ್ಪ?" ಎಂದ ನಾಗರಾಜು. "ಅವ್ವನ ನಾಟಕ ತಾನೇ ಕೊನೆ?"

"ನಮ್ಮನೇಲಿ ಕಂಡಕ್ಟರ್ ಸತ್ತೋದ ಅಂದ್ರು!" ಎಂದಿತು ಮೂಲೆಯಿಂದ ಇನ್ನೊಂದು ದನಿ.

ಕೈಗಳು ನಿಂತವು. ಎಲ್ಲರೂ ಮುನಿಶಾಮಯ್ಯನನ್ನು ನೋಡಿದರು. ಅವನು ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು, ಅದೇ ಉತ್ತರ ಕೊಡಬಹುದೇನೋ ಎಂಬಂತೆ ದಿಟ್ಟಿಸುತ್ತಿದ್ದ.

"ಅವರೇನು ಹೇಳಾರು?" ಎಂದಳು ವೆಂಕಟಲಕ್ಷ್ಮಮ್ಮ. "ಮದ್ವೆ ಆದಾಗಿಂದ ಒಂದು ಪಿಕ್ಚರ್ ಕೊನೆ ನೋಡಿದೋರಲ್ಲ. ನೋಡಾಕೆ ನಾನು ಬುಟ್ಟಿಲ್ಲ. ಕೈ ಆಡ್ಸಿ, ಕೈ ಆಡ್ಸಿ!"

ಅದೇ ಹೊತ್ತಿಗೆ ಕೆಂಪರಾಜು ವಿಜಯದ ನಗೆ ಬೀರುತ್ತಾ ಬಂದ. "ಏನಣ್ಣ, ಊರಿಗೂರೇ ಎದ್ದು ಬಂದೈತಲ್ಲ! ಇನ್ಮೇಲೆ ಬಾಯಿ ಬಂದ್ ತಾನೇ?"

"ನೀನು ಎಲ್ಲಿದ್ಯಪ್ಪ ಇಷ್ಟೊತ್ತು?" ಎಂದಳು ಸೌಮ್ಯ.

"ಪಿಕ್ಚರ್ ನೋಡ್ತಿದ್ದೆ."

"ಡಬ್ಬಾ ಪಿಕ್ಚರ್‌ನ? ಪೂರ್ತಿ?"

ಕೆಂಪರಾಜು ಕಿವಿ ತುರಿಸಿಕೊಂಡ. ಆದರೆ ಅವನನ್ನು ಗೇಲಿ ಮಾಡಲು ಯಾರಿಗೂ ಪುರಸೊತ್ತಿರಲಿಲ್ಲ. "ಅವ್ವ ಏನಂದ್ಲು ಹೇಳ್ಲಾ!" ಎಂದು ಎಲ್ಲರೂ ಮುಗಿಬಿದ್ದರು.

"ಏನೂ ಇಲ್ಲ. 'ಮಗಾ' ಅಂದ್ಲು. ಪೊಲೀಸ್ನೋರು ಬಂದ್ರು. ಎಲ್ರೂ ನಿಂತ್ಕಂಡು ನಕ್ರು."

"ಅಷ್ಟೇನಾ?"

"ಅಷ್ಟೇ."

"ಥೂ!" ಎಂದಳು ಮುನಿಯಮ್ಮ. "ಇಪ್ಪತ್ ವರ್ಷ ಬಾಯ್ ಮುಚ್ಕಂಡಿದ್ದು ಇಷ್ಟು ಹೇಳಾಕಾ? ನಮ್ ಮುನಿಶಾಮನ ಸಾಹುಕಾರನೇ ವಾಸಿ."

"ನಂಗೇಳಿದ್ದು ಅದಕ್ಕಿಂತ ಚೆನ್ನಾಗೈತೆ" ಎಂದು ನಾಗರಾಜು ಜಗಳಕ್ಕೇ ನಿಂತ. ಯಾರ ಮನೆಯ ಕೊನೆ ಹೆಚ್ಚು ಎಂಬ ವಾದದ ಭರದಲ್ಲಿ ತಟ್ಟೆಗಳು ಖಾಲಿಯಾದದ್ದೇ ತಿಳಿಯಲಿಲ್ಲ. ಕೆಂಪರಾಜುವಿನ ಕೈಗೂ ಯಾರೋ ಒಂದು ತಟ್ಟೆ ಕೊಟ್ಟಿದ್ದರು. ಗೂಡು ಒಂದೂ ಕೆಡಲಿಲ್ಲ.

ಮುನಿಶಾಮಯ್ಯ ಪ್ರತಿಜ್ಞೆ ಉಳಿಸಿಕೊಂಡ. ಆಮೇಲೆ ಯಾರು ಎಷ್ಟು ಕಾಡಿದರೂ ಇಂಥ ಸಿನಿಮಾ ನೋಡಿ ಎನ್ನಲಿಲ್ಲ. ಆದರೆ ಕೊನೆ ಕಟ್ಟಿ ಹೇಳಬಾರದೆಂದು ಪ್ರತಿಜ್ಞೆಯಲ್ಲಿ ಎಲ್ಲಿದೆ? ಮುಂದಿನ ಬೆಳೆ ಹಣ್ಣಾದ ದಿನ ಯಾರೂ ಕರೆಯದೆ ಬೀದಿಗೆ ಬೀದಿಯೇ ಮುಖ ತೊಳೆದುಕೊಂಡು ಬಂದು ತಟ್ಟೆಗಳ ಮುಂದೆ ಕೂತಿತು.

"ಅಣ್ಣ, ಎರಡು ಡಿಸ್ಕ್ ನೋಡ್ಕಂಡು ಬಂದಿವ್ನಿ" ಎಂದ ಕೆಂಪರಾಜು, ಎಲ್ಲರಿಗಿಂತ ಮುಂದೆ ಕೂತು. "ಮುಂದಕ್ಕೆ ಹೇಳು."

ಹಾರೋಹಳ್ಳಿಯಲ್ಲಿ ನಿಯಾಜನಿಗೆ ಮಾತ್ರ ಇದರ ತಲೆಬುಡ ತಿಳಿಯದು. ಜಕ್ಕನದೊಡ್ಡಿಯಿಂದ ವಾಪಸ್ ಬರುವ ಮೂರನೆಯ ಡಿಸ್ಕುಗಳನ್ನು ಬೆಳಕಿಗೆ ಹಿಡಿದು ನೋಡಿ, ಇಂಥ ಹುಷಾರಿನ ಜನ ಸುತ್ತ ಹತ್ತೂರಲ್ಲಿ ಇಲ್ಲವೆಂದು ಬಂದವರಿಗೆಲ್ಲ ಹೇಳುತ್ತಿರುತ್ತಾನೆ.