ಹುರುಳಿ ಕಟ್ಟು ತಂದ ಅಕ್ಕ

ಹುರುಳಿ ಬೇಯುವ ವಾಸನೆ ಕೆಲವರಿಗೆ ಆಗದು. ನನಗೆ ಆ ವಾಸನೆ ಬಂದರೆ ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಗಳು, ಪಕ್ಕದ ಮನೆಯ ಅಕ್ಕ... ಮೊನ್ನೆ ಹುರುಳಿ ಕುದಿಯುತ್ತಿತ್ತು, ಮೊಮ್ಮಗಳು ಪಾಠ ಓದುತ್ತಿದ್ದಳು. ಅಮೈನೋ ಆಮ್ಲಗಳು ಸೇರಿ ಪ್ರೋಟೀನ್ ಆಗುತ್ತದಂತೆ, ಅದರಿಂದ ಮೈ ಕಟ್ಟುತ್ತದಂತೆ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೂ ಅದು ನನಗೆ ಗೊತ್ತಿದ್ದ ವಿಷಯ.

ಆಗ ಇಸವಿ ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಅಕ್ಕನಿಗೆ ಒಬ್ಬಳೇ ಮಗಳು, ಆಗತಾನೇ ಎದೆಹಾಲು ಬಿಡಿಸಿದ್ದ ಕೂಸು. ಅದಕ್ಕೆ ದಡಾರ ಎದ್ದಿತು. ಅಮ್ಮ ಬಂದಿದ್ದಾಳೆಂದು ನಮ್ಮಲ್ಲಿ ಬೇಳೆ, ಕಾಳು, ಮೊಟ್ಟೆ ಎಲ್ಲ ನಿಲ್ಲಿಸುತ್ತಿದ್ದರು. ದಡಾರ ಇಳಿದ ಮೇಲೂ ಅಕ್ಕನ ಅತ್ತೆ ವಾರಗಟ್ಟಲೆ ಬರೀ ಅಕ್ಕಿ ಗಂಜಿ ಕುಡಿಸಿದಳು. ಮಗುವಿನ ಕೆನ್ನೆ, ಕಾಲು ಉಬ್ಬಿದವು.

"ನೋಡ್ರಮ್ಮಿ, ಗಂಜೀಲೇ ಎಂಗ್ ಮೈ ತುಂಬ್ಕೊಂಡವ್ಳೆ ನನ್ ಮೊಮ್ಮಗ್ಳು!" ಎಂದು ಆ ಮುದುಕಿ ಲೈನಿಗೆಲ್ಲ ತೋರಿಸಿದಳು. ನಾವೂ ಹೌದೆಂದೆವು.

ಮಗು ನಗುವುದನ್ನೇ ಬಿಟ್ಟಾಗ ಅಕ್ಕ ಆಸ್ಪತ್ರೆಗೆ ಎತ್ತಿಕೊಂಡು ಓಡಿದಳು. ನಾನೂ ಹಿಂದೆ ಓಡಿದೆ. ನರ್ಸಮ್ಮ ಮಗುವಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು, ಮೇಲೇಳಲಿಲ್ಲ.

"ಇದು ಮೈಯಲ್ಲಮ್ಮ, ನೀರು," ಎಂದರು. ತಮ್ಮ ಕತ್ತಿನ ಮಣಿಸರ ಹಿಡಿದು ತೋರಿಸಿದರು. "ಮೈ ಕಟ್ಟೋದು ಇದನ್ನ ಪೋಣಿಸಿದಂಗೆ. ಬರೀ ಗಂಜೀಲಿ ಬೇಕಾದಷ್ಟು ಮಣಿ ಸಿಗಲ್ಲ. ಕಮ್ಮಿ ಬಿದ್ದಿದ್ದು ಕಾಳಲ್ಲಿ ಐತೆ."

ಮಗು ಉಳಿಯಲಿಲ್ಲ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನನ್ನ ಪುಟ್ಟ ತಂಗಿಗೆ ದಡಾರ ಎದ್ದು ಇಳಿಯಿತು. ಗಂಜಿ ಪಥ್ಯ ಮಾತ್ರ ನಿಲ್ಲಲಿಲ್ಲ. ಅಕ್ಕ ಹುರುಳಿ ಬಸಿದ ಕಟ್ಟನ್ನು ಚೊಂಬಿನಲ್ಲಿ ತಂದಳು. ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಪಥ್ಯದ್ ಮನೆಗೆ ಕಾಳು ತತ್ತೀಯೇನೇ? ನಿನ್ ಮಗೂನ ಕಳ್ಕೊಂಡಿದ್ದು ಸಾಲ್ದಾ?"

ಅಕ್ಕ ಅಳಲಿಲ್ಲ. "ಸಾಕು ಅಂತ್ಲೇ ಬಂದಿವ್ನಿ. ಜರುಗಕ್ಕಾ," ಎಂದಳು.

ಅವ್ವ ಜರುಗಿದಳು. ಅಕ್ಕ ದಿನವೂ ಬಂದು ಕುಡಿಸಿದಳು. ಕುಡಿಸಿದ ಮೇಲೆ ತಂಗಿಯ ಪಾದ ಒತ್ತಿ, ಚರ್ಮ ಮೇಲೇಳುವವರೆಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆ ತಂಗಿ ಇವತ್ತಿಗೂ ಬಂಗಾರಪೇಟೆಯಲ್ಲಿ ಸೊಸೆಯನ್ನು ಬೈದುಕೊಂಡು ಗಟ್ಟಿಯಾಗಿದ್ದಾಳೆ.

ಅಕ್ಕನ ಗಂಡ ಗಣಿ ಧೂಳಿನಿಂದ ಎದೆ ಕೆಟ್ಟು ಕೆಲಸ ಬಿಟ್ಟ. ಇಬ್ಬರೂ ಅವನ ಊರಿಗೆ ಹೋದರು. ಆಮೇಲೆ ಸುದ್ದಿಯಿಲ್ಲ...

ಈಗ ವಯಸ್ಸಿಗೆ ನನ್ನ ಕಾಲೂ ಊದುತ್ತದೆ. ಮೊಮ್ಮಗಳು ಪುಸ್ತಕ ಮುಚ್ಚಿದ ಮೇಲೆ ಪಾದ ಒತ್ತಿ ನೋಡಿಕೊಂಡೆ. ಗುಳಿ ಹಾಗೇ ನಿಂತಿತು. ಇದನ್ನು ಕಂಡು ಹೆದರುವವಳು ಒಬ್ಬಳಿದ್ದಳು. ಈಗ ಅವಳು ಎಲ್ಲಿದ್ದಾಳೋ. ಎದ್ದು ಹುರುಳಿ ಬಸಿದೆ.